ಬಿಸಿಲಿಗೆ ಟ್ರೇಲರ್ ಟೈರಿನ ಗಾಳಿ ಇಳಿಸಬೇಕೆ? ಸತ್ಯಾಂಶ

ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಹತ್ತು ಪಾಯಿಂಟ್ (ಪಿಎಸ್‌ಐ) ಇಳಿಸಿ ಓಡಿಸಿ ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ರಾಯಚೂರಿನ ಬಿಸಿಲು ಕಂಡವರಿಗೆ ಇದು ನಿಜವೆನಿಸುವುದು ಸಹಜ. ಆದರೆ ಸಲಹೆ ತಪ್ಪು. ಮಲ್ಪೆಯಿಂದ ಹಳೆಯ ದೋಣಿಯನ್ನು ಹಳೆಯ ಟ್ರೇಲರಿನಲ್ಲಿ ಕೊಪ್ಪಳದ ಕಡೆಯ ತುಂಗಭದ್ರಾ ಹಿನ್ನೀರಿಗೆ ಎಳೆದು ತರುವವರಿಗಂತೂ ಅಪಾಯ.

ಟೈರಿನ ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 2 ಪಾಯಿಂಟ್ ಏರುತ್ತದೆ, ಅಷ್ಟೇ. ತಯಾರಕರು ಅದನ್ನು ಲೆಕ್ಕ ಹಾಕಿಯೇ ತಣ್ಣನೆಯ ಟೈರಿನ ಒತ್ತಡವನ್ನು ಸೂಚಿಸಿರುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ; ಒಳಗೆ ಕಾವು ಹುಟ್ಟಿ ರಬ್ಬರು, ದಾರದ ಪದರ ಬಿಡುತ್ತವೆ. ಸಿಡಿಯುವುದು ಹೀಗೆ.

ನೀವೇ ನೋಡಬಹುದು. ಬೆಳಿಗ್ಗೆ ಹೊರಡುವ ಮೊದಲು ಗೇಜ್ ಹಿಡಿದು ಅಂಕಿ ಬರೆದುಕೊಳ್ಳಿ. 50 ಕಿ.ಮೀ. ಓಡಿಸಿ ಮತ್ತೆ ಅಳೆಯಿರಿ, ಏರಿರುತ್ತದೆ, ಗಾಳಿ ಬಿಡಬೇಡಿ. ಮರುದಿನ ಬೆಳಿಗ್ಗೆ ಹಳೆಯ ಅಂಕಿಯೇ ಸಿಗುತ್ತದೆ. ನಿಂತಾಗಲೆಲ್ಲ ಚಕ್ರದ ಹಬ್‌ನ (ನಡುಭಾಗದ) ಹತ್ತಿರ ಕೈ ಒಯ್ದು ನೋಡಿ. ಒಂದು ಹಬ್ ಮಾತ್ರ ಕಾದಿದ್ದರೆ ಬೇರಿಂಗ್ ಅಥವಾ ಬ್ರೇಕ್ ಕೆಟ್ಟಿದೆ.

ಪಕ್ಕೆಯ ಮೇಲಿನ ನಾಲ್ಕಂಕಿಯನ್ನೂ ಓದಿ: 2316 ಎಂದರೆ ಟೈರ್ ತಯಾರಾದದ್ದು 2016ರ 23ನೇ ವಾರ. ನೆಲಕ್ಕೆ ತಾಗುವ ಅಚ್ಚು (ಟ್ರೆಡ್) ಸವೆಯದಿದ್ದರೂ ಬಿರುಕು ಬಿಟ್ಟ ಅಷ್ಟು ಹಳೆಯ ಟೈರನ್ನು ಬದಲಿಸಿಯೇ ಹೊರಡಿ.