ಹೆಣ ಓಕೆ, ಮುತ್ತು ಯಾಕೆ?

ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರ ಕೈಯಲ್ಲಿ ಒಂದು ದಪ್ಪ ಕಾದಂಬರಿ. ಮುಖಪುಟದ ಮೇಲೆ ಚಾಕು, ಚಾಕುವಿನಿಂದ ತೊಟ್ಟಿಕ್ಕುವ ರಕ್ತ. ಅದನ್ನು ಇಡೀ ಬೋಗಿಗೆ ಕಾಣುವ ಹಾಗೆ ಎತ್ತಿ ಹಿಡಿದು ಓದುತ್ತಿದ್ದರು. ‘ಆಗಲೇ ಐದು ಹೆಣ ಬಿದ್ದಿವೆ’ ಎಂದು ನನಗೆ ಹೇಳಿದರು, ಮೊಮ್ಮಗನ ಮಾರ್ಕ್ಸ್ ಹೇಳುವಷ್ಟು ಖುಷಿಯಿಂದ.

ನನ್ನ ಕೈಯಲ್ಲೂ ಒಂದು ಕಾದಂಬರಿ ಇತ್ತು. ಅದರ ಮುಖಪುಟದಲ್ಲಿ ಒಂದೇ ಛತ್ರಿಯ ಕೆಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹಾಗಾಗಿ ನಾನದಕ್ಕೆ ಹಳೇ ಪೇಪರಿನ ಬೈಂಡ್ ಹಾಕಿದ್ದೆ. ಆ ಪೇಪರಿನಲ್ಲಿ ಎರಡು ಕೊಲೆ, ಒಂದು ದರೋಡೆಯ ಸುದ್ದಿ ಇತ್ತು. ನೋಡುವವರ ಕಣ್ಣಿಗೆ ನಾನೂ ಮರ್ಯಾದಸ್ಥ.

ಓದುವವರ ಲೋಕದ ಕಾನೂನೇ ಹೀಗೆ. ಪುಸ್ತಕದಲ್ಲಿ ಜನ ಸತ್ತರೆ ಅದು ಬುದ್ಧಿಗೆ ಕಸರತ್ತು. ಸಾವಿರಾರು ಜನ ಸತ್ತರೆ ಇತಿಹಾಸ. ಒಂದು ಮನೆತನ ಮೂರು ತಲೆಮಾರು ಅತ್ತರೆ ಶ್ರೇಷ್ಠ ಸಾಹಿತ್ಯ. ಇಬ್ಬರು ಜಗಳ ಆಡಿ, ನಕ್ಕು, ಕೊನೆಗೆ ಒಂದಾದರೆ ಮಾತ್ರ ‘ಅಯ್ಯೋ, ಸುಮ್ನೆ ಟೈಂಪಾಸ್’.

ನನ್ನ ಟೈಂಪಾಸ್ ಕಥೆ ಕೇಳಿ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬ ‘ಧಯವಿಟ್ಟು ಬಾಗಿಲು ಮುಚ್ಚಿ’ ಅಂತ ಚೀಟಿ ಅಂಟಿಸುತ್ತಾನೆ. ಮೂರನೇ ಮಹಡಿಯ ಹುಡುಗಿ ಪ್ರೂಫ್ ತಿದ್ದುವವಳು. ಕೆಂಪು ಪೆನ್ನು ತೆಗೆದು ‘ಧ’ಕ್ಕೆ ಸುತ್ತು ಹಾಕಿ ಕೆಳಗೆ ಬರೆಯುತ್ತಾಳೆ: ‘ದಯೆ ತೋರಿಸೋಕೆ ಹೊಟ್ಟೆ ಸೀಳಬೇಕಾಗಿಲ್ಲ.’ ಮರುದಿನ ಅದೇ ಚೀಟಿಯ ಮೇಲೆ ಅವನ ಉತ್ತರ: ‘ಧನ್ಯವಾದ. ಇದಕ್ಕೆ ಸೀಳಬಹುದಾ?’ ಇನ್ನೂರು ಪುಟದಲ್ಲಿ ಹೊಟ್ಟೆ ಸೀಳಿದ್ದು ಇಷ್ಟೇ. ಯಾರೂ ಸತ್ತಿಲ್ಲ. ನಾನು ಮಾತ್ರ ನಗು ತಡೆಯಲಾಗದೆ ಕೆಮ್ಮಿದ ಹಾಗೆ ನಟಿಸಿ ಸಾಕಾಗಿದ್ದೆ.

‘ಕೊನೆಗೆ ಇಬ್ಬರೂ ಒಂದಾಗ್ತಾರೆ ಅಂತ ಗೊತ್ತಿದ್ದೂ ಯಾಕೆ ಓದ್ತೀರಿ?’ ಇದು ಬುದ್ಧಿವಂತರ ಖಾಯಂ ಪ್ರಶ್ನೆ. ಕೊಲೆಗಾರ ಕೊನೆಗೆ ಸಿಕ್ಕೇ ಸಿಗುತ್ತಾನೆ ಅಂತ ಅವರಿಗೂ ಗೊತ್ತಿರುತ್ತದೆ, ಅಲ್ವಾ? ಆದರೆ ಅದಕ್ಕೆ ಹೆಸರು ಕುತೂಹಲ. ನಮ್ಮದಕ್ಕೆ ಹೆಸರು ಸವಕಲು.

ಈ ನಾಚಿಕೆ ಇವತ್ತಿನದಲ್ಲ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ತೀರಿಕೊಂಡದ್ದು 1817ರಲ್ಲಿ. ಅದೇ ವರ್ಷದ ಕೊನೆಗೆ ಅಚ್ಚಾಗಿ ಬಂದ ‘ನಾರ್ಥ್ಯಾಂಗರ್ ಅಬ್ಬೆ’ಯಲ್ಲಿ ಆಕೆ ಇದನ್ನೇ ಗೇಲಿ ಮಾಡಿದ್ದಾರೆ. ಏನಮ್ಮಾ ಓದ್ತಿದ್ದೀಯ ಅಂತ ಯಾರಾದರೂ ಕೇಳಿದರೆ ಹುಡುಗಿ ‘ಬರೀ ಒಂದು ಕಾದಂಬರಿ’ ಎಂದು ಪುಸ್ತಕ ಕೆಳಗಿಡುತ್ತಾಳೆ. ಆಗ ಎಲ್ಲ ಕಾದಂಬರಿಗೂ ಈ ಗತಿ ಇತ್ತು. ಈಗ ಉಳಿದವೆಲ್ಲ ಪಾಸಾಗಿ, ಪ್ರೇಮದ್ದು ಮಾತ್ರ ಅದೇ ಕ್ಲಾಸಿನಲ್ಲಿ ಕೂತಿದೆ. ಇನ್ನೂರು ವರ್ಷದಲ್ಲಿ ನಾವು ಕಂಡ ಪ್ರಗತಿ ಅಂದರೆ ಇ-ರೀಡರ್. ಅದರಲ್ಲಿ ಏನು ಓದಿದರೂ ಪಕ್ಕದವರಿಗೆ ಮುಖಪುಟ ಕಾಣುವುದಿಲ್ಲ.

ಈ ಪುಸ್ತಕಗಳಿಗೆ ಒಂದು ಗಂಭೀರ ಉಪಯೋಗ ಕಂಡುಹಿಡಿದವರು ಇಂಗ್ಲೆಂಡಿನ ರಸ್ತೆ ಎಂಜಿನಿಯರುಗಳು. 2003ರಲ್ಲಿ ಅಲ್ಲಿ ಎಂ6 ಟೋಲ್ ರಸ್ತೆ ಶುರುವಾಯಿತು. ಅದರ ಡಾಂಬರಿಗೆ ಸುಮಾರು 25 ಲಕ್ಷ ಹಳೇ ಪುಸ್ತಕಗಳನ್ನು, ಅದೂ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪ್ರೇಮ ಕಾದಂಬರಿಗಳನ್ನು, ಅರೆದು ಸೇರಿಸಿದ್ದರು. ರಸ್ತೆ ಬಿರುಕು ಬಿಡಬಾರದು, ಸದ್ದು ಕಮ್ಮಿ ಆಗಬೇಕು ಅಂತ. ಬಿರುಕು ಬಿಡದ ಹಾಗೆ ಹಿಡಿದಿಡುವುದು, ಗಲಾಟೆ ತಗ್ಗಿಸುವುದು: 1908ರಲ್ಲಿ ಆ ಪ್ರಕಾಶನ ಶುರುವಾದಾಗಿನಿಂದ ಎಷ್ಟೋ ಮನೆಗಳಲ್ಲಿ ಅವು ಮಾಡಿದ್ದೂ ಇದೇ ಕೆಲಸ ಇರಬೇಕು. ಲಾರಿಗೆ ಆದರೆ ಅದು ತಂತ್ರಜ್ಞಾನ, ಓದುಗರಿಗೆ ಆದರೆ ಕೀಳು ಅಭಿರುಚಿ.

ಅಷ್ಟರಲ್ಲಿ ಪಕ್ಕದ ಹಿರಿಯರು ಆರನೇ ಹೆಣ ದಾಟಿ ನನ್ನ ಕಡೆ ತಿರುಗಿದರು. ‘ನೀವೇನು ಓದ್ತಿದ್ದೀರಿ?’

ಬಾಯಿಗೆ ಬಂದದ್ದು ಹೇಳಿದೆ. ‘ವಸತಿ ಸಮುಚ್ಚಯಗಳಲ್ಲಿ ಸಂವಹನದ ಸಮಸ್ಯೆಗಳು, ಸರ್.’

ಅವರ ಮುಖದಲ್ಲಿ ಗೌರವ ಕಾಣಿಸಿತು. ‘ಒಳ್ಳೇ ವಿಷಯ. ಇಂಥದ್ದು ಓದಬೇಕು. ಪರಿಹಾರ ಏನು ಹೇಳಿದ್ದಾರೆ?’

ಪುಟ ನೋಡಿದೆ, 212. ಸುಳ್ಳು ಮುಂದುವರಿಸುವಷ್ಟು ತಾಳ್ಮೆ ಇರಲಿಲ್ಲ. ಕಥೆ ಅಂಥ ಜಾಗಕ್ಕೆ ಬಂದಿತ್ತು.

‘ಸದ್ಯಕ್ಕೆ ಲಿಫ್ಟ್ ಕೆಟ್ಟು ನಿಂತಿದೆ ಸರ್. ಇಬ್ಬರೂ ಒಳಗಿದ್ದಾರೆ.’

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಚಾಕುವಿನ ಪುಸ್ತಕ ಮಡಚಿ ತೊಡೆಯ ಮೇಲಿಟ್ಟು, ಕನ್ನಡಕ ಒರೆಸಿಕೊಂಡು, ಸ್ವಲ್ಪ ನನ್ನ ಕಡೆಗೆ ಸರಿದು ಕೂತರು.