ಮಂಗಳ ಆದ ಮೇಲೆ ತನಿ ಆವರ್ತನ

ನಿನ್ನೆ ರಾತ್ರಿಯೂ ಅದೇ ಕತೆ. ಆರಂಭದ ವರ್ಣ ಮುಗಿಸಿದ ವಿದ್ವಾಂಸರು ಸೀದಾ ಕೊನೆಕೊನೆಗೆ ಬರಬೇಕಾದ ರಾಗ ತಾನ ಪಲ್ಲವಿಗೆ ಹಾರಿದರು. ಅದನ್ನು ಮುಗಿಸಿ ಗಣಪತಿಯ ಕೃತಿಗೆ ಬಂದರು. ವಿಘ್ನಗಳೆಲ್ಲ ಆದ ಮೇಲೆ ವಿಘ್ನೇಶ್ವರ!

ಪಾಪ, ಅವರೇನು ಮಾಡ್ತಾರೆ. ಹಾಡುತ್ತಿರುವುದು ಸೀಡಿಯಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಫೈಲುಗಳು. ಒಂದು ಸೀಡಿಗೆ ಹಿಡಿಸುವುದೇ ಸುಮಾರು 80 ನಿಮಿಷ. ಎರಡೂವರೆ ಗಂಟೆ ಸಂಗೀತ ಕಚೇರಿಗೆ ಎರಡು ಬೇಕು. ಎರಡರಲ್ಲೂ ಟ್ರ್ಯಾಕ್ ನಂಬರ್ ಒಂದರಿಂದಲೇ ಶುರು. ಫೈಲಿನೊಳಗೆ ಹಾಡಿನ ವಿವರ ಬರೆದಿಡುವ ಚೀಟಿಯಲ್ಲಿ, ಅಂದರೆ ಟ್ಯಾಗಿನಲ್ಲಿ, ಡಿಸ್ಕ್ ನಂಬರಿನ ಜಾಗ ಖಾಲಿ ಇದ್ದರೆ ಒಂದಾದ ಮೇಲೆ ಇನ್ನೊಂದು ಒಂದು, ಎರಡಾದ ಮೇಲೆ ಮತ್ತೆ ಎರಡು. 1996ರಲ್ಲಿ ಎಂಪಿ3 ಟ್ಯಾಗ್ ಬಂದಾಗ ಹಾಡಿನ ಹೆಸರಿಗೆ 30 ಅಕ್ಷರ ಜಾಗವಿತ್ತು, ಡಿಸ್ಕ್ ನಂಬರಿಗೆ ಜಾಗವೇ ಇರಲಿಲ್ಲ. ಮಾಡಿದವರು ಕಚೇರಿಗೆ ಹೋದವರಲ್ಲ ಬಿಡಿ.

ನನಗೆ ಹೇಗೋ ನಡೆಯುತ್ತದೆ. ಮಾವನವರು ರುದ್ರಪಟ್ಟಣದ ಕಡೆಯವರು, ಸಂಗೀತಗಾರರೇ ತುಂಬಿದ ಊರು. ಅವರಿಗೆ ಮಂಗಳ ಅಂದರೆ ಮಂಗಳ, ಕಚೇರಿ ಮುಗಿಯಿತು ಅಂತಲೇ ಲೆಕ್ಕ. ಎರಡನೇ ಸೀಡಿಯಲ್ಲಿ ನಾಲ್ಕೇ ಟ್ರ್ಯಾಕ್, ಕೊನೆಯದು ಮಂಗಳ. ಹಾಗಾಗಿ ಅದು ಕಚೇರಿಯ ನಟ್ಟನಡುವೆ ಬರುತ್ತದೆ. ಬಂದದ್ದೇ ತಡ, ಮಾವ ಎದ್ದು ಸ್ಪೀಕರಿಗೆ ಕೈ ಮುಗಿಯುತ್ತಾರೆ. ಶಾಲು ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಹೆಗಲಿಗೆ ಹಾಕಿಕೊಂಡು, “ತಟ್ಟೆ ಹಾಕಮ್ಮ” ಅಂತ ಮಗಳನ್ನು ಕೂಗುತ್ತಾ ಒಳಗೆ ನಡೆಯುತ್ತಾರೆ.

“ಮಾವ, ಇನ್ನೂ ಇದೆ. ಮುಖ್ಯ ಕೃತಿಯೇ ಬಾಕಿ.”

“ಮಂಗಳ ಆದ ಮೇಲೆ ಕೂತ್ಕೋಬಾರದು ಅಳಿಯಂದಿರೇ.”

ಖಾಲಿ ಹಾಲಿನಲ್ಲಿ ಮೃದಂಗದವರು ಮುಖ್ಯ ಕೃತಿಯ ತನಿ ಆವರ್ತನ, ತಾಳವಾದ್ಯದ್ದೇ ಸರದಿ, ಬಾರಿಸುತ್ತಿರುತ್ತಾರೆ. ಒಳಗೆ ಮಾವ ಬಲಗೈಯಲ್ಲಿ ಸಾರನ್ನ ಕಲೆಸುತ್ತಾ ಎಡಗೈಯಲ್ಲಿ ತಾಳ ಹಾಕುತ್ತಿರುತ್ತಾರೆ.

ಕ್ಯಾಸೆಟ್ಟಿನ ಕಾಲದಲ್ಲಿ ಈ ರಗಳೆ ಇರಲಿಲ್ಲ. ಒಂದು ಬದಿ ಮುಗಿದು ಟಕ್ ಅಂದರೆ ಅತ್ತೆ ಎದ್ದು ತಿರುಗಿಸಿ ಹಾಕುತ್ತಿದ್ದರು. ಈ ಸೀಡಿಗಳ ಮೇಲೆ ನೀಲಿ ಮಾರ್ಕರಿನಲ್ಲಿ ದಪ್ಪಗೆ 1, 2 ಅಂತ ಬರೆದಿಟ್ಟು ಹೋದವರೂ ಅವರೇ. ಅದು ಕಂಪ್ಯೂಟರಿಗೆ ಕಾಣುವುದಿಲ್ಲ.

ಇವತ್ತು ಬೆಳಿಗ್ಗೆ ಕೂತು ಟ್ಯಾಗುಗಳನ್ನೆಲ್ಲಾ ತುಂಬಿದೆ. ಮೊದಲನೆಯದಕ್ಕೆ 1/2, ಎರಡನೆಯದಕ್ಕೆ 2/2. ಆಲ್ಬಮ್ ಕಲಾವಿದರ ಜಾಗದಲ್ಲಿ ಎಲ್ಲಕ್ಕೂ ಒಂದೇ ಹೆಸರು, ಇಲ್ಲದಿದ್ದರೆ ಪಿಟೀಲಿನವರ ಹೆಸರಿರುವ ಟ್ರ್ಯಾಕುಗಳು ಬೇರೆ ಸಂಸಾರ ಹೂಡುತ್ತವೆ. ಫೋನಿನಲ್ಲಿ ಪಲ್ಲವಿಗಿಂತ ಗಣಪತಿ ಮೊದಲು ಬಂದ. ಖುಷಿಯಲ್ಲಿ ಪೆನ್‌ಡ್ರೈವಿಗೆ ಹಾಕಿಕೊಂಡು ಹಾಸನದಿಂದ ಧರ್ಮಸ್ಥಳಕ್ಕೆ ಹೊರಟೆವು.

ನಮ್ಮ ಕಾರಿನ ಸ್ಟೀರಿಯೋ ಟ್ಯಾಗ್ ನೋಡುವುದಿಲ್ಲ. ಫೈಲಿನ ಹೆಸರು ನೋಡಿ ಹಾಡುತ್ತದೆ, ಹೆಸರಿನಲ್ಲಿ ಇನ್ನೂ ಬರೀ ಟ್ರ್ಯಾಕ್ ನಂಬರ್. ಶಿರಾಡಿ ಘಾಟಿಯಲ್ಲಿ ಮುಂದೆ ಟ್ಯಾಂಕರ್, ಹಿಂದೆ ಟ್ಯಾಂಕರ್, ಪಕ್ಕದಲ್ಲಿ ಕಮರಿ. ಮಂಗಳ ಶುರುವಾಯಿತು. ಮಾವ ಡ್ಯಾಶ್‌ಬೋರ್ಡಿಗೆ ಕೈ ಮುಗಿದು ಸೀಟ್‌ಬೆಲ್ಟ್ ಬಿಚ್ಚಿದರು.

“ಇಲ್ಲೇ ನಿಲ್ಲಿಸಿ ಅಳಿಯಂದಿರೇ.”