ಐದು ಗ್ರಾಂ ಬುರುಡೆ

ನಮ್ ಕೊಡಗಿನ ಸುಂಟಿಕೊಪ್ಪ ಕಡೆ ಈಗ ಕಾಫಿ ಹೂವಿಗಿಂತ ಹೋಂಸ್ಟೇ ಬೋರ್ಡುಗಳೇ ಜಾಸ್ತಿ ಅರಳ್ತವೆ. ಪಕ್ಕದ ತೋಟದ ಅಣ್ಣಂದು ಮೊದಲು ಬರೀ 'ರೂಂ ಇದೆ' ಅಂತ ಇತ್ತು, ಆಮೇಲೆ ಕ್ಯಾಂಪ್ ಫೈರ್ ಬಂತು, ಪಂದಿಕರಿ ಕಡುಂಬುಟ್ಟು ಬಂತು, ಈ ವರ್ಷ ನೋಡಿದ್ರೆ 'ಕ್ರೇನಿಯಲ್ ಆಸ್ಟಿಯೋಪತಿ, ಒಂದು ಸಿಟ್ಟಿಂಗ್ 3,500' ಅಂತ ಹೊಸ ಬೋರ್ಡು. ಇದೇನಣ್ಣ ಅಂದೆ. "ತಲೆಬುರುಡೆ ಮೂಳೆ ಅಡ್ಜಸ್ಟ್ ಮಾಡೋದು ಕಣೋ, ಬುರುಡೆನೂ ಉಸಿರಾಡುತ್ತಂತೆ" ಅಂದ್ರು. ನಮಗೆ ಇಷ್ಟು ವರ್ಷ ಬುರುಡೆ ಬಿಡೋದು ಗೊತ್ತಿತ್ತು, ಬುರುಡೆ ಉಸಿರು ಬಿಡೋದು ಗೊತ್ತಿರ್ಲಿಲ್ಲ.

ಪಕ್ಕದವನು ಅಂತ ನಂಗೆ ಫ್ರೀ. ಬೆಂಗಳೂರಿಂದ ಬಂದ ಥೆರಪಿ ಮ್ಯಾಡಂ ಟೇಬಲ್ ಮೇಲೆ ಮಲಗಿಸಿ ಕಿವಿ ಹಿಂದೆ ಬೆರಳಿಟ್ಟು ಮುಕ್ಕಾಲು ಗಂಟೆ ಕಣ್ಮುಚ್ಚಿ ಕೂತ್ರು. ಒತ್ತಿದ್ದು ಗೊತ್ತೇ ಆಗ್ಲಿಲ್ಲ. ಕೇಳಿದ್ರೆ ಐದೇ ಗ್ರಾಂ ಒತ್ತಡವಂತೆ, ಅದಕ್ಕಿಂತ ಜಾಸ್ತಿ ಕೊಟ್ರೆ ಬುರುಡೆಗೆ ಬೇಜಾರಾಗುತ್ತಂತೆ. ಕೊನೆಗೆ "ಸರ್, ನಿಮ್ಮ ಸ್ಫೀನಾಯ್ಡ್ ಬಲಕ್ಕೆ ವಾಲಿದೆ" ಅಂದ್ರು. ನಮ್ಮ ತೋಟದ ಬೇಲಿ ಬಲಕ್ಕೆ ವಾಲಿದೆ ಅಂತ ಸರ್ವೆಯವರು ಹೇಳಿದಾಗ ಆದಷ್ಟೇ ಗಾಬರಿ ಆಯ್ತು. ಆದ್ರೆ ಸುಳ್ಳು ಹೇಳಬಾರ್ದು, ನಿದ್ದೆ ಮಾತ್ರ ಸಖತ್ತಾಗಿ ಬಂತು. ಮುಕ್ಕಾಲು ಗಂಟೆ ಫೋನ್ ಕಿತ್ಕೊಂಡು ಮಲಗಿಸಿದ್ರೆ ಯಾರಿಗೆ ಬರಲ್ಲ ಹೇಳಿ.

ಅಕ್ಕನ ಮಗಳು ಮೆಡಿಕಲ್ ಓದ್ತಿದ್ದಾಳೆ, ಅವಳಿಗೆ ಫೋನ್ ಹಾಕಿ ನನ್ನ ಸ್ಫೀನಾಯ್ಡ್ ಕಥೆ ಹೇಳಿದೆ. ಐದು ನಿಮಿಷ ನಕ್ಕು ಆಮೇಲೆ ಪಾಠ ಮಾಡಿದ್ಲು. "ಮಾವ, ತಲೆಲಿ ಒಟ್ಟು 22 ಮೂಳೆ, ಮುಖದ್ದು 14, ಮಿದುಳು ಮುಚ್ಚೋದು 8. ಸ್ಫೀನಾಯ್ಡ್ ಅನ್ನೋದು ಚಿಟ್ಟೆ ಥರ ಕಣ್ಣಿನ ಹಿಂದೆ ಮಧ್ಯದಲ್ಲಿ ಕೂತಿರುತ್ತೆ, ಹೊರಗಿಂದ ಕೈಗೆ ಸಿಗೋದು ಕಣತಲೆ ಹತ್ರ ಅದರ ರೆಕ್ಕೆ ತುದಿ ಅಷ್ಟೇ, ಅದೂ ಚರ್ಮ ಮಾಂಸದ ಕೆಳಗೆ." ಮೂಳೆ ಮೂಳೆ ಕೂಡೋ ಕಡೆ ಗರಗಸದ ಹಲ್ಲಿನ ಹಾಗೆ ಒಂದರೊಳಗೊಂದು ಕಚ್ಕೊಂಡಿರುತ್ತಂತೆ, ಮಧ್ಯೆ ಗಟ್ಟಿ ನಾರು, ವಯಸ್ಸಾಗ್ತಾ ಆ ಗೆರೆಗಳೂ ಬೆಸೆದುಕೊಳ್ತಾ ಹೋಗ್ತವಂತೆ. ಕೂಸಿನ ತಲೆ ಬೇರೆ ಮಾತು, ಅಲ್ಲಿ ನೆತ್ತಿ ಮೆತ್ತಗಿರುತ್ತೆ, ಸುಮಾರು ಒಂದೂವರೆ ವರ್ಷದೊಳಗೆ ಮುಚ್ಚುತ್ತೆ. ನಮ್ಮಜ್ಜಿನೂ ಅಲ್ಲಿಗೆ ಹರಳೆಣ್ಣೆ ತಟ್ತಿದ್ರು, 3,500 ಕೇಳಿರ್ಲಿಲ್ಲ.

ಇದೆಲ್ಲ ಶುರು ಮಾಡಿದವರು ಅಮೆರಿಕದ ವಿಲಿಯಂ ಸದರ್‌ಲ್ಯಾಂಡ್ ಅನ್ನೋ ಆಸ್ಟಿಯೋಪತಿಯವರು, ಅಂದ್ರೆ ಮೂಳೆ ಮಾಂಸ ಕೈಯಲ್ಲೇ ಒತ್ತಿ ಸರಿಮಾಡೋ ಪದ್ಧತಿಯವರು. ಕಾಲೇಜಲ್ಲಿ ಓದೋವಾಗ, 1899ರ ಸುಮಾರಿಗೆ, ಬಿಡಿ ಬಿಡಿಯಾಗಿಟ್ಟ ಬುರುಡೆ ನೋಡಿದ್ರು. ಮೂಳೆ ಅಂಚು ಓರೆಯಾಗಿ ಕೆತ್ತಿದ ಹಾಗಿದೆ, ಮೀನಿನ ಕಿವಿರು ಥರ ಇದೆ, ಕಿವಿರು ಅಂದ್ಮೇಲೆ ಉಸಿರಾಡಲೇಬೇಕು ಅಂತ ತಲೆಗೆ ಹೊಳೀತು. ನೋಡೋಕೆ ಕಿವಿರಿದ್ದ ಹಾಗಿದ್ರೆ ಉಸಿರಾಡುತ್ತೆ ಅನ್ನೋದಾದ್ರೆ ಹಲಸಿನಕಾಯಿಗೆ ಮುಳ್ಳಿದೆ, ಅದು ಮುಳ್ಳುಹಂದಿ ಥರ ರಾತ್ರಿ ಓಡಾಡ್ಬೇಕಿತ್ತು. ಆ ಮನುಷ್ಯನ ಶ್ರದ್ಧೆ ಮಾತ್ರ ಮೆಚ್ಚಬೇಕು, ಸ್ವಂತ ತಲೆಗೇ ಹೆಲ್ಮೆಟ್ಟು, ಚರ್ಮದ ಪಟ್ಟಿ ಎಲ್ಲ ಬಿಗಿದು ವರ್ಷಗಟ್ಲೆ ಪ್ರಯೋಗ ಮಾಡಿ 1939ರಲ್ಲಿ ಪುಸ್ತಕ ಬರೆದ್ರು. ಅವರ ಥಿಯರಿಗೆ ಮುಖ್ಯ ಕೀಲು ಯಾವ್ದು ಅಂದ್ರೆ ಸ್ಫೀನಾಯ್ಡೂ ಹಿಂದಲೆ ಮೂಳೆಯೂ ಕೂಡೋ ಜಾಗ. ಆ ಜಾಗ ಇಪ್ಪತ್ತು ವರ್ಷ ಆಗೋಷ್ಟರಲ್ಲಿ ಬೆಸೆದು ಒಂದೇ ಮೂಳೆ ಆಗಿಬಿಟ್ಟಿರುತ್ತೆ. ಅಂದ್ರೆ ಬಾಗಿಲು ಕಿತ್ತು ಗೋಡೆ ಕಟ್ಟಿ ಮೂವತ್ತು ವರ್ಷ ಆದ್ಮೇಲೆ ಒಬ್ಬ ಬಂದು ಕೀಲಿಗೆ ಎಣ್ಣೆ ಬಿಡ್ತೀನಿ ಅಂತ ಗೋಡೆ ಸವರಿ ಬಿಲ್ ಕೊಟ್ಟು ಹೋದ ಹಾಗೆ.

ಹಾಂ, ಮಿದುಳು ಬೆನ್ನುಹುರಿ ಸುತ್ತ ನೀರಿದೆ, ನೂರೈವತ್ತು ಎಂಎಲ್ ಹತ್ರ, ಎದೆಬಡಿತಕ್ಕೂ ಉಸಿರಿಗೂ ಅದು ಆಡುತ್ತೆ, ಅದು ನಿಜ. ಆದ್ರೆ ಇವರು ಹೇಳೋದು ಅದಲ್ಲ, ಅದೆಲ್ಲ ಬಿಟ್ಟು ನಿಮಿಷಕ್ಕೆ ಆರರಿಂದ ಹನ್ನೆರಡು ಸಲ ಬೇರೆಯದೇ ತಾಳ ಇದೆ, ಬೆರಳಿಗೆ ಗೊತ್ತಾಗುತ್ತೆ ಅಂತ. ಸರಿ, ಗೊತ್ತಾಗ್ಲಿ. 1994ರಲ್ಲಿ ಮೂವರು ಫಿಸಿಯೋಥೆರಪಿಸ್ಟ್‌ಗಳಿಗೆ 12 ಜನರ ತಲೆ ಕೊಟ್ಟು ತಾಳ ಎಣಿಸಿ ಅಂದ್ರು. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಎಷ್ಟು ತಾಳೆ ಅಂತ ನೋಡಿದ್ರೆ ಬಂದ ಅಂಕಿ ಮೈನಸ್ 0.02. ಪೂರ್ತಿ ತಾಳೆ ಆದ್ರೆ ಒಂದು, ಏನೂ ಇಲ್ದಿದ್ರೆ ಸೊನ್ನೆ, ಇದು ಸೊನ್ನೆಗಿಂತಲೂ ಒಂದು ಮೆಟ್ಟಿಲು ಕೆಳಗೆ!

ನಮ್ಮಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಂದ ಮಾರನೇ ದಿನ ಬೆಳಗ್ಗೆ ಕಾಫಿಗೂ ಮುಂಚೆ ಫೋನು, "ನಿಮ್ಗೆಷ್ಟು ಸೆಂಟ್ ಬಂತು?" (ಜಾಗದ ಸೆಂಟ್ ಅಲ್ಲ, ಮಳೆದು, ನೂರು ಸೆಂಟ್ ಅಂದ್ರೆ ಒಂದಿಂಚು.) ಪಕ್ಕದ ತೋಟಕ್ಕೆ ಎಂಬತ್ತು ಸೆಂಟ್, ನಮಗೆ ಇಪ್ಪತ್ತು, ಹೊಟ್ಟೆ ಉರಿಯುತ್ತೆ, ಆದ್ರೆ ಒಂದೇ ಅಂಗಳದಲ್ಲಿ ಮಳೆ ಅಳೆಯೋ ಮೂರು ಗೇಜ್ ಇಟ್ರೆ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ಮಳೆ. ಮೂರರಲ್ಲಿ ಮೂರು ಥರ ಬಂದ್ರೆ ನಾವು ಗೇಜನ್ನ ಎಸೀತೀವಿ, ಮೋಡಕ್ಕೆ ಸ್ಟ್ರೆಸ್ ಆಗಿದೆ ಅಂತ ಹೇಳಲ್ಲ.

ನಮ್ಮ ತೋಟದ ಅಕ್ಕ ಒಬ್ಬರಿಗೆ ಈ ಐದು ಗ್ರಾಂ ವಿಷಯ ಹೇಳಿದೆ. ಸೀಸನ್ನಲ್ಲಿ ಐವತ್ತು ಕೆಜಿ ಕಾಫಿ ಮೂಟೆ ತಲೆ ಮೇಲೆ ಹೊತ್ತು ಲೈನ್ ದಾಟಿಸಿದವರು. "ಹಂಗಾದ್ರೆ ನನ್ ತಲೆ ಚಪಾತಿ ಆಗಿರ್ಬೇಕಲ್ಲ ಅಣ್ಣ" ಅಂದು ಮೂಟೆ ಎತ್ಕೊಂಡು ಹೋದ್ರು.

ಇಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ಮೆಣಸು ಕೊಯ್ಲಲ್ಲಿ ಹೋಂಸ್ಟೇ ಅಣ್ಣನ ತೋಟದ ಹುಡುಗ ಸಿಲ್ವರ್ ಓಕ್ ಏಣಿಯಿಂದ ಬಿದ್ದ, ಇಪ್ಪತ್ತಡಿ ಇರಬಹುದು, ತಲೆಗೇ ಪೆಟ್ಟು. ಕೊಡಗಲ್ಲಿ ತಲೆಗೆ ಪೆಟ್ಟು ಅಂದ್ರೆ ಮೈಸೂರು, ಅದಕ್ಕೇ ಅಲ್ವಾ 2019ರಲ್ಲಿ ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬ ಹ್ಯಾಷ್‌ಟ್ಯಾಗ್ ಹಾಕಿದ್ದು. ಬುರುಡೆ ಮೂಳೆ ಸರಿಮಾಡೋರು ಇಪ್ಪತ್ತು ಹೆಜ್ಜೆ ದೂರದ ರೂಮಲ್ಲೇ ಇದ್ರು, ಅಣ್ಣ ಆ ಕಡೆ ತಿರುಗಿ ಕೂಡ ನೋಡ್ದೆ ಹುಡುಗನ್ನ ಜೀಪಿಗೆ ಹಾಕಿದ್ರು, ನಾನೂ ಹತ್ಕೊಂಡೆ, ನೂರು ಕಿಲೋಮೀಟರ್ ಚಿಲ್ಲರೆ ಒಂದೇ ಉಸಿರಲ್ಲಿ ಓಡಿಸಿದ್ರು. ಮ್ಯಾಡಂ ಪಾಪ ಗೇಟ್ ತೆಗೆದ್ರು, ಅಷ್ಟು ಉಪಕಾರ ನೆನೀಬೇಕು.

ಸ್ಕ್ಯಾನ್ ಆಯ್ತು. ಡಾಕ್ಟರು ಫಿಲ್ಮ್ ಬೆಳಕಿಗೆ ಹಿಡಿದು, "ಪುಣ್ಯ ಮಾಡಿದ್ದಾನೆ, ಬರೀ ಹೊಲಿಗೆ ಸಾಕು, ಒಂದು ಮೂಳೆನೂ ಅಲ್ಲಾಡಿಲ್ಲ" ಅಂದ್ರು.

ಇಪ್ಪತ್ತಡಿ ಮೇಲಿಂದ ಬಿದ್ರೂ ಅಲ್ಲಾಡಿಲ್ಲ! ನಾನು ಅಣ್ಣನ ಮುಖ ನೋಡಿದೆ, ಅಣ್ಣ ಫಿಲ್ಮ್ ನೋಡಿದ್ರು. ವಾಪಸ್ ಬರ್ತಾ ಹುಣಸೂರು ದಾಟಿದ್ರೂ ಮಾತಿಲ್ಲ, ಪಿರಿಯಾಪಟ್ಟಣ ದಾಟಿದ್ರೂ ಇಲ್ಲ, ಏನೋ ದೊಡ್ಡದಾಗಿ ಯೋಚನೆ ಮಾಡ್ತಿದ್ದಾರೆ, ಬೋರ್ಡ್ ಇಳಿಸ್ತಾರೆ ಅಂದ್ಕೊಂಡೆ. ಕುಶಾಲನಗರದಲ್ಲಿ ಟೀ ಕುಡಿಯೋಕೆ ಇಳಿದಾಗ ಬಾಯಿ ಬಿಟ್ರು.

"ಏಪ್ರಿಲ್ ರಜ ಬಂತಲ್ಲ, ಸಿಟ್ಟಿಂಗಿಗೆ ನಾಲ್ಕು ಸಾವಿರ ಮಾಡಣ ಅಂತಿದ್ದೀನಿ. ಜಾಸ್ತಿ ಆಯ್ತಾ?"